ಡೇ ಕೇರ್ ಸಬ್ಸಿಡಿ: ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದಿಳಿದ ಅಪ್ಪ-ಅಮ್ಮಂದಿರಿಗೆ

ಮೈಸೂರಿನಿಂದ ಬಂದು ಇನ್ನೂ ಮೂರು ವಾರವಾಗದ ಜೋಡಿಯೊಂದು ಮೊನ್ನೆ ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಡೇ ಕೇರ್‌ಗಳ ದರಪಟ್ಟಿ ಹರಡಿಕೊಂಡು ಕೂತಿತ್ತು. ದಿನಕ್ಕೆ 160 ಡಾಲರ್. ಹುಡುಗ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಚಹಾದ ಲೋಟವನ್ನು ಕೆಳಗಿಟ್ಟ. 'ಅಕ್ಕಾ, ಇದು ತಿಂಗಳಿಗಲ್ಲವೇ?' ಎಂದು ಹುಡುಗಿ ಕೇಳಿದಳು. ಆ ಪ್ರಶ್ನೆಯನ್ನು ನಾನೂ ಒಂದು ಕಾಲಕ್ಕೆ ಕೇಳಿದ್ದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ 160 ಡಾಲರನ್ನು ಪೂರ್ತಿ ನೀವೇ ಕೊಡಬೇಕಾಗಿಲ್ಲ. ಚೈಲ್ಡ್ ಕೇರ್ ಸಬ್ಸಿಡಿ ಎಂಬ ಕೇಂದ್ರ ಸರ್ಕಾರದ ನೆರವು ನೇರವಾಗಿ ಡೇ ಕೇರ್‌ಗೆ ಸಂದಾಯವಾಗುತ್ತದೆ. ಉಳಿದದ್ದನ್ನು ನೀವು ಕಟ್ಟುತ್ತೀರಿ. ಅದನ್ನು ಇಲ್ಲಿ ಎಲ್ಲರೂ ಗ್ಯಾಪ್ ಫೀ ಎನ್ನುತ್ತಾರೆ. ಆದರೆ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಖಾಯಂ ನಿವಾಸದ ವೀಸಾ, ಅಂದರೆ ಪಿಆರ್ ಇದ್ದವರಿಗೆ ಇದು ಸಿಗುತ್ತದೆ, ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. ಕಂಪನಿ ಕಳಿಸಿದ 482 ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ, ಎಷ್ಟೇ ತೆರಿಗೆ ಕಟ್ಟಿದರೂ ಸರಿ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ, ಆದರೆ ನಿಯಮ ಹಾಗಿದೆ. ಅಂಥವರು ವಿಕ್ಟೋರಿಯಾದಲ್ಲಿದ್ದರೆ, ಮಗುವಿಗೆ ಮೂರು ತುಂಬುವ ಹೊತ್ತಿಗೆ ರಾಜ್ಯ ಸರ್ಕಾರದ ಉಚಿತ ಕಿಂಡರ್, ಅಂದರೆ ಶಾಲಾಪೂರ್ವ ತರಗತಿಯ ಬಗ್ಗೆ ವಿಚಾರಿಸಲಿ. ಅದಕ್ಕೆ ಪೌರತ್ವ ಬೇಕಿಲ್ಲ.

ಸಬ್ಸಿಡಿ ಎಷ್ಟು ಎಂಬುದು ಗಂಡ-ಹೆಂಡತಿ ಇಬ್ಬರ ಒಟ್ಟು ವಾರ್ಷಿಕ ಆದಾಯದ ಮೇಲೆ ನಿಂತಿದೆ. 2025ರ ಜುಲೈನ ಲೆಕ್ಕದಂತೆ ಸುಮಾರು 85 ಸಾವಿರ ಡಾಲರ್‌ವರೆಗೆ ಶೇ 90. ಅಲ್ಲಿಂದ ಮೇಲೆ ಪ್ರತಿ 5 ಸಾವಿರಕ್ಕೆ ಶೇ 1ರಂತೆ ಇಳಿಯುತ್ತದೆ. ಇಬ್ಬರೂ ಸೇರಿ 1 ಲಕ್ಷ 85 ಸಾವಿರ ದುಡಿದರೆ ಸುಮಾರು ಶೇ 70. ಇಷ್ಟು ಓದಿ '160ರಲ್ಲಿ ಶೇ 70, ಅಂದರೆ 112' ಎಂದು ಸಮಾಧಾನಪಟ್ಟುಕೊಳ್ಳುವಲ್ಲೇ ಹೊಸಬರು ಎಡವುವುದು.

ಸರ್ಕಾರ ದಿನದ ಲೆಕ್ಕ ಹಾಕುವುದಿಲ್ಲ, ಗಂಟೆಯ ಲೆಕ್ಕ ಹಾಕುತ್ತದೆ. ಗಂಟೆಗೆ ಇಷ್ಟೇ ಎಂಬ ಮಿತಿಯೊಂದಿದೆ; ಇನ್ನೂ ಶಾಲೆಗೆ ಹೋಗದ ಮಗುವಿಗೆ ಡೇ ಕೇರ್ ಸೆಂಟರ್‌ನಲ್ಲಿ 2025-26ರ ಮಿತಿ 14.63 ಡಾಲರ್. ನಿಮ್ಮ ಸೆಂಟರ್ 160 ಡಾಲರಿಗೆ ಹತ್ತು ಗಂಟೆಯ ಸೆಷನ್ ಕೊಟ್ಟರೆ ಗಂಟೆಗೆ 16 ಬೀಳುತ್ತದೆ, ಮಿತಿಗಿಂತ ಹೆಚ್ಚು. ಆಗ ಶೇ 70 ಸಿಗುವುದು 14.63ರ ಮೇಲೆ ಮಾತ್ರ. ದಿನಕ್ಕೆ 102 ಡಾಲರ್ ಚಿಲ್ಲರೆ ಸರ್ಕಾರದ್ದು, 58ರ ಹತ್ತಿರ ನಿಮ್ಮದು. ಅದೇ 160ಕ್ಕೆ ಇನ್ನೊಂದು ಸೆಂಟರ್ ಹನ್ನೆರಡು ಗಂಟೆಯ ಸೆಷನ್ ಇಟ್ಟಿದ್ದರೆ ಗಂಟೆಗೆ 13.33, ಮಿತಿಯೊಳಗೇ ಬಂತು, ಪೂರ್ತಿ 112 ಸಿಕ್ಕಿತು, ನಿಮಗೆ ಉಳಿದದ್ದು 48.

ಹಾಗಾದರೆ ಹನ್ನೆರಡು ಗಂಟೆಯದ್ದೇ ಲಾಭವೇ? ಅಲ್ಲೂ ಒಂದು ಕೊಕ್ಕೆ ಇದೆ. ಎರಡು ವಾರಕ್ಕೆ ಇಷ್ಟು ಗಂಟೆ ಎಂಬ ಕೋಟಾದಲ್ಲಿ ಸಬ್ಸಿಡಿ ಸಿಗುವುದು. ಮಗು ಏಳು ಗಂಟೆ ಇದ್ದು ಮನೆಗೆ ಬಂದರೂ ಇಡೀ ಸೆಷನ್ನಿನ ಹನ್ನೆರಡು ಗಂಟೆ ಕೋಟಾದಿಂದ ಕಳೆಯುತ್ತದೆ. 2026ರ ಜನವರಿ 5ರಿಂದ ಅರ್ಹ ಕುಟುಂಬಗಳಿಗೆಲ್ಲ 72 ಗಂಟೆ ಖಾತ್ರಿ, ಇಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಗದಿದ್ದರೂ. ಹಿಂದೆ ಹೀಗಿರಲಿಲ್ಲ, ಕೆಲಸ ಹುಡುಕಲು ಡೇ ಕೇರ್ ಬೇಕು, ಡೇ ಕೇರ್‌ಗೆ ಕೆಲಸ ಬೇಕು ಎಂದು ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಬ್ಬರೂ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರೆ ಕೋಟಾ 100 ಗಂಟೆಯಾಗುತ್ತದೆ. ಈಗ ನೀವೇ ಭಾಗಿಸಿ ನೋಡಿ. ವಾರಕ್ಕೆ ಮೂರು ದಿನ ಸಾಕೆನ್ನುವವರಿಗೆ ಹನ್ನೆರಡರ ಸೆಷನ್ 72ರಲ್ಲಿ ಸರಿಯಾಗಿ ಕೂರುತ್ತದೆ. ಐದೂ ದಿನ ಬೇಕೆನ್ನುವವರು ಹತ್ತರ ಸೆಷನ್ನನ್ನೇ ಕೇಳಬೇಕು. ಹನ್ನೆರಡರದಾದರೆ 100 ಗಂಟೆ ವಾರಕ್ಕೆ ನಾಲ್ಕು ದಿನಕ್ಕೇ ಮುಗಿದು, ಐದನೆಯ ದಿನದ ಹಣ ಬಹುಮಟ್ಟಿಗೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಎಷ್ಟೋ ಸೆಂಟರ್‌ಗಳು ಎರಡೂ ಬಗೆಯ ಸೆಷನ್ ಇಟ್ಟಿರುತ್ತವೆ, ಕೇಳಿದವರಿಗೆ ಮಾತ್ರ ಹೇಳುತ್ತವೆ. ಗೋಡೆಯ ಮೇಲಿನ ಚಿತ್ತಾರ, ಮರಳಿನ ಗುಂಡಿ ಎಲ್ಲವನ್ನೂ ಆಮೇಲೆ ನೋಡಿದರಾಯಿತು.

ಅರ್ಜಿ ಹಾಕುವುದು ಮೈಗವ್ ಎಂಬ ಸರ್ಕಾರಿ ಆನ್‌ಲೈನ್ ಖಾತೆಯಲ್ಲಿ, ಅದಕ್ಕೆ ಸರ್ಕಾರಿ ನೆರವು ನೋಡಿಕೊಳ್ಳುವ ಸೆಂಟರ್‌ಲಿಂಕ್ ಜೋಡಿಸಿ. ಇಬ್ಬರ ತೆರಿಗೆ ಸಂಖ್ಯೆಯೂ ಬೇಕು. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಯಜಮಾನರ ಹೊಸ ಕೆಲಸದ ಪತ್ರ ಬರಲಿ, ಆದಾಯ ಸರಿಯಾಗಿ ಬರೆಯೋಣ ಎಂದು ಕಾದು, ಮಗಳು ಸೇರಿ ಏಳು ವಾರವಾದ ಮೇಲೆ ಅರ್ಜಿ ಹಾಕಿದೆ. ಹಿಂದಿನ ದಿನಗಳಿಗೆ ಸಿಗುವುದು 28 ದಿನದವರೆಗೆ ಮಾತ್ರ. ಮೊದಲ ಮೂರು ವಾರದ ಪೂರ್ತಿ ಫೀಸು ನಮ್ಮ ತಲೆಗೇ ಬಂತು. ಆದಾಯದ ಅಂದಾಜನ್ನು ಆಮೇಲೆ ಎಷ್ಟು ಸಲ ಬೇಕಾದರೂ ತಿದ್ದಬಹುದು, ಕಳೆದ ದಿನ ಬಾರದು. ಅರ್ಜಿ ಹಾಕಿದ ಮೇಲೆ ನಿಮಗೂ ಮಗುವಿಗೂ ಸಿಗುವ ಸಿಆರ್‌ಎನ್, ಅಂದರೆ ಸೆಂಟರ್‌ಲಿಂಕ್‌ನ ಗುರುತಿನ ಸಂಖ್ಯೆಯನ್ನು ಸೆಂಟರ್‌ಗೆ ಕೊಡಿ. ಅವರು ದಾಖಲಾತಿ ಕಳಿಸಿದಾಗ ಅದನ್ನು ಮೈಗವ್‌ನಲ್ಲಿ ನೀವು ಒಪ್ಪಿ ದೃಢಪಡಿಸಬೇಕು. ಈ ಒಂದು ಗುಂಡಿ ಒತ್ತದೆ 'ಇನ್ನೂ ಸಬ್ಸಿಡಿ ಬಂದಿಲ್ಲ' ಎಂದು ಗೊಣಗುವವರೇ ಹೆಚ್ಚು.

ಇನ್ನು ಲಸಿಕೆ. ಮಗುವಿನ ಲಸಿಕೆಗಳು ಆಸ್ಟ್ರೇಲಿಯಾದ ಲಸಿಕೆ ದಾಖಲೆಯಲ್ಲಿ ಏರದೆ ಸಬ್ಸಿಡಿ ಹುಟ್ಟುವುದಿಲ್ಲ. ಆ ಮೈಸೂರಿನ ಹುಡುಗಿ ಚೀಲದಿಂದ ತಾಯಿ ಕಾರ್ಡ್ ತೆಗೆದಳು. ಅಂಚು ಸವೆದು, ಮಡಿಕೆಯಲ್ಲಿ ಹರಿದು, ಆರೋಗ್ಯ ಕೇಂದ್ರದ ನರ್ಸ್ ನೀಲಿ ಶಾಯಿಯಲ್ಲಿ ಬರೆದ ದಿನಾಂಕಗಳು. ಅದು ಚಿನ್ನ, ಎಸೆಯಬೇಡಿ ಎಂದೆ. ಇಲ್ಲಿನ ಜಿಪಿ, ಅಂದರೆ ನಿಮ್ಮ ಡಾಕ್ಟರು, ಅದನ್ನು ನೋಡಿ ಒಂದೊಂದಾಗಿ ದಾಖಲೆಗೆ ಏರಿಸುತ್ತಾರೆ. ಕನ್ನಡದಲ್ಲಿದ್ದರೆ ಅನುವಾದ ಬೇಕಾಗಬಹುದು. ಪಿಆರ್ ಸಿಕ್ಕ ಎರಡು ವರ್ಷದೊಳಗೆ ಹತ್ತು ದಾಖಲೆಗಳವರೆಗೆ ಸರ್ಕಾರವೇ ಉಚಿತವಾಗಿ ಅನುವಾದ ಮಾಡಿಸಿಕೊಡುತ್ತದೆ. ಒಂದೆರಡು ಚುಚ್ಚುಮದ್ದು ಬಾಕಿ ಎಂದರೆ ಗಾಬರಿಯಾಗಬೇಡಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇರುವುದು ದಡಾರ-ರುಬೆಲ್ಲಾ, ಇಲ್ಲಿ ಮಂಗನಬಾವಿನದೂ ಸೇರಿದ ಲಸಿಕೆ. ಡಾಕ್ಟರು ಬಾಕಿ ಲಸಿಕೆಗಳ ವೇಳಾಪಟ್ಟಿ ಹಾಕಿ ದಾಖಲಿಸಿದರೆ ಅಷ್ಟರಮಟ್ಟಿಗೆ ಸಾಕು. ಡೇ ಕೇರ್ ಹುಡುಕುವ ಮುಂಚೆಯೇ ಜಿಪಿಯ ಸಮಯ ತೆಗೆದುಕೊಳ್ಳಿ.

ವರ್ಷದ ಕೊನೆಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಶೇ 5ರಷ್ಟನ್ನು ಹಿಡಿದಿಟ್ಟುಕೊಂಡಿರುತ್ತಾರೆ, ಹಾಗಾಗಿ ನಾನು ಮೇಲೆ ಹೇಳಿದ ಗ್ಯಾಪ್ ಫೀಗೆ ದಿನಕ್ಕೆ ಐದು ಡಾಲರ್ ಸೇರಿಸಿಕೊಳ್ಳಿ. ಆದಾಯ ಅಂದಾಜಿಗಿಂತ ಹೆಚ್ಚಾಗಿದ್ದರೆ ಹೆಚ್ಚುವರಿ ಬಂದ ಸಬ್ಸಿಡಿ ಆ ಶೇ 5ರಲ್ಲಿ ವಜಾ, ಅದು ಸಾಕಾಗದಿದ್ದರೆ ಉಳಿದದ್ದನ್ನು ಕಟ್ಟಿ ಎಂಬ ಪತ್ರ. ಬೆಂಗಳೂರಿನ ಮನೆಯ ಬಾಡಿಗೆಯೂ ಆದಾಯವೇ. ಅದನ್ನು ಮರೆತವರಿಗೆ ಆ ಪತ್ರ ಬರುತ್ತದೆ. ಸಂಗಾತಿಗೆ ದುಡಿಮೆಯಿಲ್ಲದೆ ರಿಟರ್ನ್ ಸಲ್ಲಿಸುವ ಅಗತ್ಯ ಇಲ್ಲವಾದರೆ, ಆ ಮಾತನ್ನೂ ಸೆಂಟರ್‌ಲಿಂಕ್‌ಗೆ ತಿಳಿಸಬೇಕು. ಸುಮ್ಮನಿದ್ದರೆ ಲೆಕ್ಕ ಮುಗಿಯುವುದಿಲ್ಲ.

ಪಕ್ಕದ ಬೀದಿಯ ಆಂಟಿ ಮನೆಯಲ್ಲಿ ಸಾರನ್ನ ತಿನ್ನಿಸಿ ಕಡಿಮೆ ದುಡ್ಡಿಗೆ ನೋಡಿಕೊಳ್ಳುತ್ತಾರಲ್ಲ ಎಂದು ಎಲ್ಲರೂ ಕೇಳುತ್ತಾರೆ. ನೋಡಿಕೊಳ್ಳಲಿ, ಆದರೆ ಸರ್ಕಾರದಿಂದ ಮಾನ್ಯತೆ ಪಡೆದ ಫ್ಯಾಮಿಲಿ ಡೇ ಕೇರ್‌ನವರಲ್ಲದಿದ್ದರೆ ಒಂದು ಡಾಲರ್ ಸಬ್ಸಿಡಿಯೂ ಇಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೊರಡುವವರಿಗೆ ಇಷ್ಟು. ಮಗು ಗೈರಾದ ದಿನಗಳಿಗೂ ಫೀಸು ಕಟ್ಟಬೇಕು. ವರ್ಷಕ್ಕೆ 42 ಗೈರುದಿನಗಳವರೆಗೆ ಸಬ್ಸಿಡಿ ಬರುತ್ತದೆ. ಆದರೆ ದೇಶದ ಹೊರಗೆ ಆರು ವಾರ ದಾಟಿದರೆ ಅದು ನಿಲ್ಲುತ್ತದೆ. ಉಪನಯನ, ಮದುವೆ, ಧರ್ಮಸ್ಥಳ ಎಲ್ಲವನ್ನೂ ಆ ಆರು ವಾರದೊಳಗೆ ಮುಗಿಸಿಕೊಂಡು ಟಿಕೆಟ್ ಮಾಡಿಸಿ.