ಟ್ರಿಪ್ಲೆಕ್ಸ್ ಮಾದರಿ: ಮೂರನೇ ಎಂಜಿನ್‌ಗೆ ಮೋಟರ್ ಬೇಡ

ಅಂತೂ ನನ್ನ ಟ್ರಿಪ್ಲೆಕ್ಸ್ (ಒಂದೇ ಬಾಯ್ಲರ್‌ಗೆ ಮೂರು ಜೊತೆ ಸಿಲಿಂಡರ್-ಚಕ್ರ, ಅಂದರೆ ಮೂರು ಎಂಜಿನ್ ಇರುವ ಹಬೆ ರೈಲಿನ ಪುಟ್ಟ ಮಾದರಿ) 24 ಇಂಚು ತ್ರಿಜ್ಯದ ತಿರುವಿನಲ್ಲಿ ಹಳಿ ತಪ್ಪದೆ ಓಡುತ್ತಿದೆ. "ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಬಂಡಿ) ಕೆಳಗಿನ ಎಂಟು ಚಕ್ರ ಮೋಟರ್ ಇಲ್ಲದೆ ಉರುಳಲ್ಲ, ಚಕ್ರ ಜೋಡಿಸುವ ರಾಡ್ ಕಚ್ಚಿಕೊಂಡು ಜಾರುತ್ತೆ" ಅಂದವರೇ ಈಗ ವಿಡಿಯೊ ಕಳಿಸಿ ಅನ್ನುತ್ತಿದ್ದಾರೆ.

ಮಾಡಿದ್ದು ಅಮೆರಿಕದ ಈರಿ ರೈಲ್‌ರೋಡ್‌ನ 'ಮ್ಯಾಟ್ ಎಚ್. ಶೇ'. 1914ರಲ್ಲಿ ಬಾಲ್ಡ್‌ವಿನ್ ಕಂಪನಿ ಕಟ್ಟಿದ 2-8-8-8-2: ಮುಂದೆ ಎರಡು ಸಣ್ಣ ಚಕ್ರ, ನಡುವೆ ಎಂಟೆಂಟು ದೊಡ್ಡ ಚಕ್ರಗಳ ಮೂರು ಗುಂಪು, ಹಿಂದೆ ಎರಡು ಸಣ್ಣ ಚಕ್ರ. ಸ್ಕೇಲ್ ಎಚ್‌ಒ, ಅಂದರೆ ಅಸಲಿಯ 87ರಲ್ಲಿ ಒಂದು ಭಾಗ. ಅಸಲಿಯ ದೊಡ್ಡ ಚಕ್ರ 63 ಇಂಚು, ನನ್ನದು ಹದಿನೆಂಟೂವರೆ ಮಿಲಿಮೀಟರ್ ಆಸುಪಾಸು. ಇಪ್ಪತ್ತನಾಲ್ಕು ಚಕ್ರ ವಿದೇಶದಿಂದ ಬಂತು. ಕಸ್ಟಮ್ಸ್ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಅರ್ಧವೇ ಹೇಳಿದ್ದೇನೆ.

ಮೊದಲು ಬಾಯ್ಲರ್‌ನಲ್ಲಿ ಒಂದೇ ಮೋಟರ್ ಇಟ್ಟು ಮೂರಕ್ಕೂ ಶಾಫ್ಟ್ ಎಳೆದೆ. ತಿರುವು ಬಂದರೆ ಟೆಂಡರ್‌ನ ಜಾಯಿಂಟ್ ಬಿಗಿಯಾಗಿ ಚಕ್ರ ಮೇಲೇಳುತ್ತಿತ್ತು. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಮೂರು ಮೋಟರ್ ತಂದೆ. ಲೇಬಲ್ ಒಂದೇ, ವೇಗ ಮೂರು ಥರ. ಒಂದು ಎಳೆದರೆ ಇನ್ನೊಂದು ತಳ್ಳುತ್ತಿತ್ತು, ಮಧ್ಯದ್ದು ಮುಟ್ಟಲಾಗದಷ್ಟು ಬಿಸಿ. ಎರಡು ಸಾವಿರ ನೀರಿಗೆ ಹೋಯಿತು.

ಅಸಲಿಯಲ್ಲೂ ಮೂರನೇ ಎಂಜಿನ್ನೇ ತಲೆನೋವು. ಟೆಂಡರ್‌ನ ಭಾರವೂ ಎಳೆಯುವ ಕೆಲಸಕ್ಕೆ ಬರಲಿ ಅಂತ ಅದನ್ನಲ್ಲಿ ಇಟ್ಟಿದ್ದು. ಕಲ್ಲಿದ್ದಲು, ನೀರು ಖರ್ಚಾದಂತೆ ಹಿಡಿತವೂ ಖರ್ಚು! ಅದರ ಹಬೆ ಟೆಂಡರ್ ಹಿಂದಿನ ಕೊಳವೆಯಿಂದ ಆಚೆ ಹೋಗುತ್ತಿತ್ತು, ಚಿಮಣಿಗೆ ಬರುತ್ತಿರಲಿಲ್ಲ. ಚಿಮಣಿಯಲ್ಲಿ ನುಗ್ಗುವ ಹಬೆಯೇ ಬೆಂಕಿಗೆ ಗಾಳಿ ಎಳೆಯುವುದು; ಹಾಗಾಗಿ ಎಳೆತ ಸಾಲದು, ಆರು ಸಿಲಿಂಡರ್‌ಗೆ ಹಬೆ ಸಾಲದು. ಪರೀಕ್ಷೆಯಲ್ಲಿ 250 ವ್ಯಾಗನ್ ಎಳೆದ ಎಂಜಿನ್ ಆಮೇಲೆ ಗಲ್ಫ್ ಸಮಿಟ್ ಏರಿನಲ್ಲಿ ಹಿಂದಿನಿಂದ ತಳ್ಳುವ ಕೆಲಸಕ್ಕೆ ನಿಂತಿತು.

ಹಾಗಾಗಿ ಮೂರನೆಯದನ್ನು ಸುಮ್ನೆ ಉರುಳಲು ಬಿಟ್ಟೆ. ಮೋಟರ್ ಮಧ್ಯದ ಚಕ್ರಗಳ ಮೇಲೆ, ಅಲ್ಲಿಂದ ಮುಂದಕ್ಕೆ ಶಾಫ್ಟ್. ಬಾಯ್ಲರ್ ತುಂಬ ಸೀಸ, ಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಟೆಂಡರ್ ಹಗುರ, ರಾಡ್‌ನ ತೂತು ಕೂದಲೆಳೆಯಷ್ಟು ದೊಡ್ಡದು. ಹಳಿಯಿಂದ ಕರೆಂಟ್ ಎತ್ತಿಕೊಳ್ಳುವುದೂ ಟೆಂಡರ್ ಚಕ್ರಗಳಿಂದಲೇ. ಎಡ-ಬಲ ಚಕ್ರಗಳ ಕ್ರ್ಯಾಂಕ್‌ಗಳನ್ನು (ರಾಡ್ ಸಿಕ್ಕಿಸುವ ಭಾಗ) ಒಂದಕ್ಕೊಂದು 90 ಡಿಗ್ರಿಗೆ ಕೂರಿಸಲು ನಾನೇ ಮಾಡಿಕೊಂಡ ಜಿಗ್, ಅಂದರೆ ಹಿಡಿದಿಡುವ ಅಚ್ಚು, ಇದೆ. ಅದರ ಅಳತೆ ಮಾತ್ರ ಕೇಳಬೇಡಿ.

ಹಿಂದಿನ ಕೊಳವೆಯಿಂದ ಹೊಗೆ ಬರಿಸಲೂ ನೋಡಿದೆ. ಎಣ್ಣೆ ಹಳಿಗೆ ಸೋರಿ ಎಲ್ಲ ಚಕ್ರ ಜಾರಿದವು. ಬಿಚ್ಚಿಟ್ಟೆ.

ಈಗ ಮೂವತ್ತರ ಸುಮಾರು ವ್ಯಾಗನ್ ಎಳೆಯುತ್ತದೆ. ಮುಂದಿನದು ವರ್ಜೀನಿಯನ್ ರೈಲ್ವೆಯ 2-8-8-8-4. ಅದಕ್ಕೂ ಇದೇ ಜಿಗ್ ಸಾಕು, ಚಕ್ರಕ್ಕೆ ದುಡ್ಡು ಹೊಂದಿಸಬೇಕು ಅಷ್ಟೇ.