ನೈಟ್ ಹಾಲ್ಟ್ ಬಸ್ಸಿನಲ್ಲಿ ಲಿಂಗಪೂಜೆ

ಕಂಡಕ್ಟರ್ ಕೆಲಸದಲ್ಲಿ ಕೈ ಖಾಲಿ ಇರುವುದೇ ಅಪರೂಪ. ಎಡಗೈಯಲ್ಲಿ ಟಿಕೆಟ್ ಮಷೀನ್, ಬಲಗೈಯಲ್ಲಿ ನೋಟು, ಬಗಲಲ್ಲಿ ಚೀಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ, ಆದರೆ ಶೂನ್ಯ ಟಿಕೆಟ್ ಕೊಡಲೇಬೇಕು. ಗುರುತಿನ ಚೀಟಿ ನೋಡಬೇಕು, ಸ್ಟೇಜ್, ಅಂದರೆ ಟಿಕೆಟ್ ದರ ಬದಲಾಗುವ ನಿಲ್ದಾಣ, ಬರುವುದರೊಳಗೆ ಮುಗಿಸಲೂಬೇಕು. ಧಾರವಾಡ–ಸವದತ್ತಿ ಬಸ್ಸಿನಲ್ಲಿ ಅಮ್ಮಿನಬಾವಿ ದಾಟುವ ತನಕ ನಿಂತವರ ನಡುವೆ ತೂರುವುದೇ ಒಂದು ಕಸರತ್ತು. ಇಂಥದ್ದರಲ್ಲಿ ಇಷ್ಟಲಿಂಗ, ಅಂದರೆ ನಾವು ಲಿಂಗಾಯತರು ಮೈಮೇಲೆ ಧರಿಸುವ ಲಿಂಗದ ಪೂಜೆ ಯಾವಾಗ ಮಾಡ್ತೀಯೋ ಮಾರಾಯ ಎಂದು ಬೀಗರು, ನೆಂಟರು ಕೇಳುತ್ತಲೇ ಇರುತ್ತಾರೆ.

ಹೊತ್ತು ಸಿಕ್ಕಾಗ ಮಾಡೋಣ ಎಂದರೆ ಈ ನೌಕರಿಯಲ್ಲಿ ಹೊತ್ತು ಸಿಗುವುದಿಲ್ಲ. ಅದಕ್ಕೇ ನಾನು ಪೂಜೆಯನ್ನು ಬಸ್ಸಿನ ಟೈಮಿಗೇ ಕಟ್ಟಿಹಾಕಿದ್ದೇನೆ.

ನನಗೆ ಹೆಚ್ಚಾಗಿ ಬೀಳುವುದು ನೈಟ್ ಹಾಲ್ಟ್ ಡ್ಯೂಟಿ. ಬಸ್ಸು ರಾತ್ರಿ ಹಳ್ಳಿಯಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ. ಮಲಗುವುದೂ ಬಸ್ಸಿನಲ್ಲೇ. ಡ್ರೈವರ್ ಮುಸಲ್ಮಾನರು, ನಸುಕಿನ ಫಜರ್ ನಮಾಜಿಗೆ ಎದ್ದಾಗ ನನ್ನನ್ನೂ ಎಬ್ಬಿಸುತ್ತಾರೆ: "ಏಳ್ರೀ ಗೌಡ್ರ, ಹೊತ್ತಾತು." ಚಳಿಗಾಲದಲ್ಲಿ ಫಜರ್ ತಡ, ಬಸ್ಸಿನ ಟೈಮ್ ಮಾತ್ರ ಅದೇ. ಆಗ ಇಬ್ಬರಿಗೂ ಗಡಿಬಿಡಿ.

ನಳದ ಕೆಳಗೆ ಸ್ನಾನ. ಹಿಂದಿನ ದಿನದ ನಾಣ್ಯ, ನೋಟುಗಳ ಮಸಿ ಬೆರಳ ಸಂದಿಯಲ್ಲಿ ಉಳಿದಿರುತ್ತದೆ, ಎಡಗೈಗೆ ಇನ್ನೊಮ್ಮೆ ಸೋಪು ಹಚ್ಚುತ್ತೇನೆ. ಮಷೀನ್ ಹಿಡಿಯುವ ಅದೇ ಅಂಗೈ ತಾನೆ ಲಿಂಗದ ಪೀಠ. ಆಮೇಲೆ ಹಿಂದಿನ ಉದ್ದ ಸೀಟಿನ ಮೇಲೆ ಶಾಲು ಹಾಸಿ ಕೂರುವುದು. ವಿಭೂತಿ, ಒಂದಿಷ್ಟು ನೀರು, ಪತ್ರಿ ಸಿಕ್ಕರೆ ಪತ್ರಿ. ಮೊಬೈಲ್ ಟಾರ್ಚನ್ನು ನನ್ನ ಬೆನ್ನ ಹಿಂದೆ, ತಲೆಗಿಂತ ಎತ್ತರಕ್ಕೆ ಓರೆಯಾಗಿ ಇಟ್ಟರೆ ಲಿಂಗದ ಕಪ್ಪು ಮೈಮೇಲೆ ಸಾಸಿವೆಯಷ್ಟು ಬೆಳಕು ಹೊಳೆಯುತ್ತದೆ. ಟಾರ್ಚು ಮುಂದಿದ್ದರೆ ಕಣ್ಣಿಗೇ ಹೊಡೆಯುತ್ತದೆ, ಉಪಯೋಗವಿಲ್ಲ. ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಆ ಹೊಳಪನ್ನೇ ನೋಡುತ್ತಾ ಕೂರಬೇಕು. ಮೊದಮೊದಲು ತೋಳು ಸೋಲುತ್ತದೆ. ಮೊಣಕೈಯನ್ನು ಪಕ್ಕೆಗೆ ಆನಿಸಿಕೊಂಡರೆ ತಡೆಯುತ್ತದೆ. ರೆಪ್ಪೆ ಬಡಿಯಬಾರದೆಂಬ ಹಟ ಬೇಡ. ಕಣ್ಣು ನೀರಾಡಿದರೆ ಮುಚ್ಚಿ, ಮತ್ತೆ ತೆರೆದರಾಯಿತು.

ಮನಸ್ಸು ಸುಮ್ಮನಿರುತ್ತದೆಯೇ? ಇಲ್ಲ. ಚಿಲ್ಲರೆ ಎಲ್ಲಿ ಸಿಕ್ಕೀತು, ಟಿಕೆಟ್ ತಪಾಸಣೆಯ ಲೈನ್ ಚೆಕಿಂಗ್‌ನವರು ಎಲ್ಲಿ ಹತ್ತಿಯಾರು ಎಂದೇ ಸುತ್ತುತ್ತದೆ. ಬಯ್ಯಲು ಹೋಗುವುದಿಲ್ಲ. ದೃಷ್ಟಿ ಕದಲದಿದ್ದರೆ ಯೋಚನೆ ತಾನಾಗಿ ತೆಳುವಾಗುತ್ತದೆ. ಕೊನೆಯ ಒಂದೆರಡು ನಿಮಿಷ ಹೊಳಪೊಂದೇ ಇರುತ್ತದೆ, ನೋಡುವವನ ನೆನಪೂ ಇರುವುದಿಲ್ಲ. ಕೆಲವು ಬೆಳಿಗ್ಗೆ ಅಷ್ಟೂ ಆಗುವುದಿಲ್ಲ. ಎಲ್ಲ ಸೇರಿ ಹತ್ತು-ಹದಿನೈದು ನಿಮಿಷ, ಅಷ್ಟರಲ್ಲಿ ಹಾಲಿನ ಕ್ಯಾನಿನವರು ಬಾಗಿಲು ಬಡಿಯುತ್ತಾರೆ.

ಡ್ಯೂಟಿ ನಡುವೆ ಜಪ ಮಾಡುವ ಗೆಳೆಯರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಬಾಯಲ್ಲಿ ಓಂ ನಮಃ ಶಿವಾಯ, ಕೈಯಲ್ಲಿ ಚಿಲ್ಲರೆ ಎಂದಾದರೆ ನಷ್ಟ ಪ್ರಯಾಣಿಕನಿಗೆ. ಕಾಯಕದಲ್ಲಿ ನಿರತನಾದಾಗ ಲಿಂಗಪೂಜೆಯನ್ನೂ ಮರೆಯಬೇಕೆಂದು ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನೇ ಹೇಳಿದ್ದಾನೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡಿದವನ ಮಾತು ಅದು. ಪೂಜೆ ತಪ್ಪಿಸುವವರು ಇದನ್ನು ನೆಪ ಮಾಡಿಕೊಳ್ಳುವುದನ್ನೂ ಕಂಡಿದ್ದೇನೆ. ಅವರು ಕಾಯಕದಲ್ಲೂ ಅಷ್ಟಕ್ಕಷ್ಟೇ.

ನಮ್ಮಂಥ ಓಡಾಟದವರಿಗೆ ಇನ್ನೊಂದು ಮಾತು. ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಅಂದರೆ ಗುಂಡಗಡಗಿ, ಗದ್ದಲದಲ್ಲಿ ಎದೆಗೆ ಒತ್ತುತ್ತದೆ, ಕಳ್ಳರ ಕಣ್ಣಿಗೂ ಬೀಳುತ್ತದೆ. ನಾನು ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಬನಿಯನ್ ಒಳಗೆ ಧರಿಸುತ್ತೇನೆ. ಚೀಲದ ಪಟ್ಟಿ ಉಜ್ಜಿ, ಲಿಂಗ ಕಟ್ಟಿಕೊಳ್ಳುವ ಶಿವದಾರ ಬೇಗ ಸವೆಯುತ್ತದೆ, ಹರಿಯುವ ತನಕ ಕಾಯಬಾರದು.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೆಚ್ಚುವರಿ ಟ್ರಿಪ್. ಆಗ ಬೆಳಿಗ್ಗೆ ವಿಭೂತಿ ಹಚ್ಚಿ, ಲಿಂಗ ಕಣ್ಣಿಗೊತ್ತಿಕೊಂಡು ಬಸ್ ಹತ್ತುವುದಷ್ಟೇ. ರಾತ್ರಿ ಡಿಪೋದಲ್ಲಿ ಕ್ಯಾಶ್ ಕಟ್ಟಿ, ಟಿಕೆಟ್ ಲೆಕ್ಕದ ವೇಬಿಲ್ ಒಪ್ಪಿಸಿ, ಮನೆಗೆ ಬಂದು ಪೂರ್ತಿ ಪೂಜೆ. ಎಷ್ಟೇ ತಡವಾದರೂ ಊಟ ಅದರ ನಂತರವೇ. ರೊಟ್ಟಿ ಆರಿಹೋಗುತ್ತವೆ ಎಂಬುದು ಹೆಂಡತಿಯ ತಕರಾರು, ಅದೂ ಸುಳ್ಳಲ್ಲ.