ಆಕ್ಸೆಸ್ ಫಾರ್ಮ್‌ನಲ್ಲಿ ಇಲ್ಲದ ಕೋಡ್ ತಡೆದದ್ದು ಹೀಗೆ

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಒಣದ್ರಾಕ್ಷಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಮಾಲು ಬಂದ ಕೂಡಲೇ ರೈತರ ಕೋಡ್, ಬಾಕ್ಸ್, ತೂಕ ಎಲ್ಲವನ್ನೂ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆದ ಆಕ್ಸೆಸ್‌ನ ಫಾರ್ಮ್‌ಗೆ ತುಂಬಬೇಕು. ಅವಸರದಲ್ಲಿ ಇಲ್ಲದ ಕೋಡ್ ಹೊಡೆದರೂ ಅದು ಸುಮ್ನೆ ಸೇವ್ ಆಗುತ್ತಿತ್ತು. ತಿಕೋಟಾದಿಂದ ಬಂದ ಮಾಲು ಯಾರದೆಂದು ಆಮೇಲೆ ಹುಡುಕಬೇಕು. ರೈತನ ವರ್ಷದ ದುಡಿಮೆ ಅದು, ಹಾಗೇ ಬಿಡೋಕಾಗುತ್ತಾ?

ಆ ಕೋಡ್ ರೈತರ ಟೇಬಲ್‌ನಲ್ಲಿ ಎಷ್ಟು ಸಲ ಇದೆ ಎಂದು ಎಣಿಸುವ ಡಿ-ಕೌಂಟ್ (DCount) ಸಾಲನ್ನು ಮೊದಲು ಆಫ್ಟರ್ ಅಪ್‌ಡೇಟ್‌ನಲ್ಲಿ, ಅಂದರೆ ಹೊಡೆದದ್ದನ್ನು ಫಾರ್ಮ್ ಒಪ್ಪಿಕೊಂಡ ಮೇಲೆ ನಡೆಯುವ ಜಾಗದಲ್ಲಿ, ಬರೆದಿದ್ದೆ. ಮೆಸೇಜ್ ಬರುತ್ತಿತ್ತು, ತಪ್ಪು ಕೋಡ್ ಮಾತ್ರ ಅಲ್ಲೇ ಉಳಿಯುತ್ತಿತ್ತು. ಅಷ್ಟರಲ್ಲಿ ಫಾರ್ಮ್ ಅದನ್ನು ಒಪ್ಪಿಕೊಂಡಾಗಿರುತ್ತದೆ, ಅಲ್ವಾ? ಅದೇ ಸಾಲನ್ನು, ಒಪ್ಪಿಕೊಳ್ಳುವ ಮೊದಲೇ ನಡೆಯುವ ಬಿಫೋರ್ ಅಪ್‌ಡೇಟ್‌ಗೆ ತಂದೆ. ಎಣಿಕೆ 0 ಬಂದರೆ ಮೆಸೇಜ್ ತೋರಿಸಿ, ಅಪ್‌ಡೇಟ್ ನಿಲ್ಲಿಸುವ ಕ್ಯಾನ್ಸಲ್ ಅನ್ನು ಟ್ರೂ ಮಾಡಿದೆ. ಈಗ ತಪ್ಪು ಕೋಡ್ ಇದ್ದರೆ ಕರ್ಸರ್ ಫಾರ್ಮ್‌ನ ಕೋಡ್ ಬಾಕ್ಸ್ ಬಿಟ್ಟು ಕದಲುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು 3464 ಎರರ್, ಅಂದರೆ ಷರತ್ತಿನಲ್ಲಿ ಡೇಟಾದ ಬಗೆ ಹೊಂದುತ್ತಿಲ್ಲ ಎಂಬ ದೂರು. ನಮ್ಮ ಕೋಡ್ ಟೆಕ್ಸ್ಟ್ ಫೀಲ್ಡ್. ಡಿ-ಕೌಂಟ್‌ನ ಷರತ್ತಿನಲ್ಲಿ ಆ ಕೋಡಿನ ಎರಡೂ ಕಡೆ ಕೋಟ್ ಗುರುತು ಹಾಕಲೇಬೇಕು, ನಾನು ಒಂಟಿ ಕೋಟ್ (') ಹಾಕಿದೆ. ಅಂಕಿಯ ಫೀಲ್ಡ್ ಆದರೆ ಬೇಡ.

ಖಾಲಿ ಬಿಟ್ಟು ಮುಂದೆ ಹೋದರೆ ಈ ಚೆಕ್ ನಡೆಯುವುದೇ ಇಲ್ಲ. ಅದಕ್ಕೆ ಟೇಬಲ್‌ನಲ್ಲೇ ರಿಕ್ವಾಯರ್ಡ್‌ಗೆ ಯೆಸ್ ಕೊಟ್ಟೆ. ರೈತರ ಟೇಬಲ್, ಮಾಲಿನ ಟೇಬಲ್ ಎರಡರ ನಡುವೆ ರಿಲೇಶನ್‌ಶಿಪ್ ಜೋಡಿಸಿ, ರೈತರ ಟೇಬಲ್‌ನಲ್ಲಿ ಇಲ್ಲದ ಕೋಡ್ ಸೇರದಂತೆ ತಡೆಯುವ ರೆಫರೆನ್ಶಿಯಲ್ ಇಂಟೆಗ್ರಿಟಿಗೂ ಟಿಕ್ ಹಾಕಿದೆ. ಹಳೆಯ ತಪ್ಪು ಕೋಡ್‌ಗಳನ್ನು ತಿದ್ದುವವರೆಗೆ ಆಕ್ಸೆಸ್ ಅದಕ್ಕೆ ಒಪ್ಪಲಿಲ್ಲ. ಒಂದೊಂದೇ ರಸೀದಿ ತೆಗೆದು ತಿದ್ದಿದೆ.